ಕ್ಷೌರದಂಗಡಿ ಇಸೊಕೊ ಹಡಗಿಗೆ ಕಳಿಸಿದ ಹಾಡು

ಕುಸುನೊಸೆ ಇಸೊಕೊಳ ಪರಿಚಯ ನನಗಾದದ್ದು ಅವಳ ಕತ್ತರಿಯ ಕೆಳಗೆ. ಜಪಾನಿನ ಕಡಲೂರು ಮುರೊತೊಗೆ ಬಂದು ನೆಲೆಸಿದ ಮೊದಲ ವಾರವೇ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದೆ. ತಲೆ ಬಾಗಿಸಿ ಅಂತ ಹೇಳುವ ಪದ್ಧತಿ ಅವಳಿಗಿಲ್ಲ. ಎರಡು ಬೆರಳಲ್ಲಿ ನೆತ್ತಿ ಹಿಡಿದು ತಾನೇ ಬಾಗಿಸುತ್ತಾಳೆ. ನಡುವೆ ಒಂದು ಸಲ ಕತ್ತರಿ ನಿಂತಿತು. ಏನಾಯಿತೆಂದು ಕನ್ನಡಿಯಲ್ಲಿ ನೋಡಿದರೆ ಅವಳು ಹಲ್ಲುನೋವು ಬಂದವಳ ಹಾಗೆ ಮುಖ ಕಿವುಚಿಕೊಂಡು ಕಿಟಕಿಯ ಕಡೆ ಕಿವಿ ಕೊಟ್ಟಿದ್ದಳು. ಓಣಿಯಾಚೆಯ ಕಾಫಿ ಅಂಗಡಿಯಲ್ಲಿ ಯಾರೋ ಮೈಕ್ ಹಿಡಿದು ಹಾಡುತ್ತಿದ್ದರು. "ಅರ್ಧ ಸ್ವರ ಕೆಳಗೆ," ಅಂದವಳು ಮತ್ತೆ ಕತ್ತರಿ ಆಡಿಸತೊಡಗಿದಳು.

ಆ ಕಾಫಿ ಅಂಗಡಿಯ ಹೆಸರು ಚಿದೊರಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಕಾಫಿ, ದಪ್ಪ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಜೊತೆಗೊಂದು ಬಟ್ಟಲು ಮಿಸೊ ಸಾರು. ಹತ್ತು ಗಂಟೆಯಿಂದ ಕರೋಕೆ. ಸಮುದ್ರ ಬಿಟ್ಟು ದಡಕ್ಕೆ ಕೂತ ಮುದುಕರು, ಗಂಡಂದಿರನ್ನು ಸಮುದ್ರಕ್ಕೆ ಕಳಿಸಿದ ಹೆಂಗಸರು, ಎಲ್ಲ ಮಧ್ಯಾಹ್ನದವರೆಗೂ ಸರದಿಯ ಮೇಲೆ ಹಾಡುತ್ತಾರೆ. ಒಡತಿ ಮಸುಯೊಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಊರಿಗೆಲ್ಲ ಅವಳು 'ಮಾಮಾ', ಅಂದರೆ ಅಮ್ಮ. ನಮ್ಮ ಕಡೆ ಮಾಮಾ ಅಂದರೆ ಅಮ್ಮನ ತಮ್ಮ ಅಂತ ನಾನೊಮ್ಮೆ ಬಾಯಿ ಜಾರಿ ಹೇಳಿದ್ದಕ್ಕೆ ಒಂದು ವಾರ ಅವಳು ಇಲ್ಲದ ಮೀಸೆ ತಿರುವುತ್ತಲೇ ನನಗೆ ಕಾಫಿ ಕೊಟ್ಟಳು.

ಇಸೊಕೊ ದಿನಾ ಚಿದೊರಿಗೆ ಹೋಗುತ್ತಿದ್ದಳು. ಮೈಕ್ ಮಾತ್ರ ಮುಟ್ಟುತ್ತಿರಲಿಲ್ಲ. ಯಾರ ಸ್ವರ ಎಲ್ಲಿ ಎಷ್ಟು ಜಾರಿತು ಅಂತ ಕೂದಲೆಳೆಯಷ್ಟು ಸರಿಯಾಗಿ ಹೇಳುತ್ತಿದ್ದ ಹೆಂಗಸು, ತಾನೇ ಬಾಯಿ ತೆರೆದರೆ ಸ್ವರ ಕೆಸರುಗದ್ದೆಗೆ ಇಳಿದ ಎಮ್ಮೆಯ ಹಾಗೆ ಎತ್ತಲೋ ಹೋಗುತ್ತಿತ್ತು. "ಕಿವಿ ನಮ್ಮಪ್ಪಂದು, ಗಂಟಲು ನಮ್ಮಮ್ಮಂದು. ಅವರಿಬ್ಬರಿಗೂ ಯಾವತ್ತೂ ಆಗಿಬರಲಿಲ್ಲ," ಅನ್ನುತ್ತಿದ್ದಳು.

ಅವಳ ಗಂಡ ತೊಮೊಜಿ, ಟ್ಯೂನಾ ಹಿಡಿಯುವ ಕೊಯೊಮಾರು ಹಡಗಿನಲ್ಲಿ ಅಡುಗೆಯವನು. ಜನವರಿಯಲ್ಲಿ ಹೊರಟರೆ ಡಿಸೆಂಬರಿಗೆ ಮನೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಗಿದ್ದರೂ ಒಂದು ಸೂರಿನಡಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೆ ಮೂರೂವರೆ ವರ್ಷ ದಾಟಲಿಕ್ಕಿಲ್ಲ. ಜಗಳವಾಡಲು ಪುರುಸೊತ್ತೇ ಸಿಕ್ಕಿಲ್ಲ ಅಂತ ಇಸೊಕೊ ನಗುತ್ತಿದ್ದಳು.

ಕಂಪ್ಯೂಟರ್ ಬಂದದ್ದು ತೊಂಬತ್ತೊಂಬತ್ತರ ಶರತ್ಕಾಲದಲ್ಲಿ, ಹೊಸ ವರ್ಷದ ಶುಭಾಶಯ ಕಾರ್ಡು ಅಚ್ಚು ಹಾಕುವುದಕ್ಕೆಂದು. ಆ ವರ್ಷ ಊರಿನ ಅರ್ಧ ಮನೆಗಳಿಗೆ ಅದೇ ನೆಪದಲ್ಲಿ ಕಂಪ್ಯೂಟರ್ ಬಂದಿತ್ತು. ಕಾರ್ಡುಗಳು ಅಂಚೆ ಸೇರಿದ ಮೇಲೆ ಅದಕ್ಕೆ ಕ್ರೋಶಾ ಬಟ್ಟೆ ಹೊದಿಸಿ, ಮೇಲೊಂದು ಗೊಂಬೆ ಇಟ್ಟು ಮರೆತದ್ದೂ ಎಲ್ಲ ಮನೆಗಳ ಕಥೆಯೇ. ಆದರೆ ಇಸೊಕೊಳಿಗೆ ಕೊಂಡ ವಸ್ತು ಸುಮ್ಮನೆ ಕೂತಿದ್ದರೆ ಮೈಯೆಲ್ಲ ತುರಿಕೆ. ಸೋಮವಾರ ಕ್ಷೌರದಂಗಡಿಗಳಿಗೆ ರಜೆ. ಮೂರು ಸೋಮವಾರ ಕೂತು, ಅದರ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದಿದಳು. ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಒಂದು ಮಾತಿತ್ತು: ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ತಂತಿ ಸಿಕ್ಕಿಸಿದರೆ ಯಾವ ದನಿಯನ್ನಾದರೂ ಒಳಗೆ ಹಿಡಿದಿಡಬಹುದು.

ಆ ಹೊಸ ವರ್ಷದ ಜನವರಿಯಲ್ಲಿ ಹಡಗು ಹತ್ತುವ ಮುಂಚೆ ತೊಮೊಜಿ ಒಂದು ಮಾತು ಆಡಿದ್ದ. ಹಡಗಿನಲ್ಲೂ ಕರೋಕೆ ಪೆಟ್ಟಿಗೆ ಇದೆ, ಆದರೆ ಹತ್ತು ತಿಂಗಳು ಅದೇ ಇಪ್ಪತ್ತು ಗಂಟಲು ಕೇಳಿ ಕೇಳಿ ಕಿವಿಗೆ ಪಾಚಿ ಕಟ್ಟುತ್ತದೆ ಅಂತ. ಇಸೊಕೊಳ ತಲೆಯಲ್ಲಿ ಆ ಪಾಚಿಯೂ ಇನ್ನೂರ ಹದಿನಾಲ್ಕನೆಯ ಪುಟವೂ ಒಂದಕ್ಕೊಂದು ತಗುಲಿಕೊಂಡವು. ಊರಿನ ದನಿಗಳನ್ನೆಲ್ಲ ಹಿಡಿದು ಹಡಗಿಗೆ ಕಳಿಸಿದರೆ ಹೇಗೆ?

ಕಂಪ್ಯೂಟರನ್ನು ಹೊತ್ತುಕೊಂಡು ಚಿದೊರಿಗೆ ಹೋಗುವ ಮಾತಿರಲಿಲ್ಲ. ಅದರ ತೂಕ ಒಂದು ಮೂಟೆ ಅಕ್ಕಿಯಷ್ಟು. ಅದಕ್ಕೇ ಹಾಡನ್ನೇ ಮನೆಗೆ ತರಿಸಿದಳು. ಚಿದೊರಿಯ ಕರೋಕೆ ಪೆಟ್ಟಿಗೆಯಿಂದ ಒಂದು ಉದ್ದ ತಂತಿ ಅಡುಗೆಮನೆಯ ಕಿಟಕಿ ದಾಟಿ, ಓಣಿಯ ಮೇಲೆ ಹಾದು, ಇವಳ ಹಿಂದಿನ ಕೋಣೆಯ ಕಿಟಕಿಯಿಂದ ಒಳಗೆ ಬಂತು. ಎರಡನೆಯ ದಿನವೇ ಮಾಮಾ ಅದರ ಮೇಲೆ ಪಾತ್ರೆ ಒರೆಸುವ ಬಟ್ಟೆಗಳನ್ನು ಒಣಹಾಕಿದಳು.

ಮೊದಲ ಸೋಮವಾರ ಹಿಡಿದ ಹಾಡುಗಳಲ್ಲೆಲ್ಲ ಜೇನುಗೂಡು ಕೆದಕಿದಂಥ ಗುಂಯ್ ಸದ್ದು. ಎರಡನೆಯ ಸೋಮವಾರವೂ ಅದೇ. ಕೊನೆಗೆ ಗೊತ್ತಾದದ್ದು, ಅದು ಚಿದೊರಿಯ ಫ್ರಿಜ್ಜಿನ ಸದ್ದು. ಸರಿ, ಯಾರಾದರೂ ಹಾಡುವಾಗ ಫ್ರಿಜ್ಜು ಆರಿಸುವುದು, ಮುಗಿದ ಮೇಲೆ ಹಾಕುವುದು ಅಂತಾಯಿತು. ಉದ್ದದ ಹಾಡು ಆಯ್ದುಕೊಂಡವರನ್ನು ಮಾಮಾ ದುರುಗುಟ್ಟಿ ನೋಡುತ್ತಿದ್ದಳು, ಐಸ್ ಕರಗುತ್ತದಲ್ಲ. ಫ್ರಿಜ್ಜನ್ನೂ ಕರೋಕೆ ಪೆಟ್ಟಿಗೆಯನ್ನೂ ಬೇರೆ ಬೇರೆ ಪ್ಲಗ್ಗಿಗೆ ಹಾಕಿದರೆ ಸಾಕಿತ್ತು ಅನ್ನುವುದು ಹೊಳೆಯಲು ಒಂದು ತಿಂಗಳು ಬೇಕಾಯಿತು.

ಇನ್ನೊಂದು ಪೇಚು ಯಾರೂ ಯೋಚಿಸಿರಲಿಲ್ಲ. ಹಾಡು ಮುಗಿಸಿದವರು ಮೈಕ್ ಆರಿಸದೆ ಮೇಜಿನ ಮೇಲಿಟ್ಟು ಮಾತಿಗೆ ಕೂರುತ್ತಿದ್ದರು. ಓಣಿಯೀಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ ಇಸೊಕೊಳಿಗೆ ಆ ಮಾತೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಯಾರ ಸೊಸೆ ಏನಂದಳು, ಯಾರ ಮನೆಯ ಸಾರು ಉಪ್ಪು, ಕೊನೆಗೆ ಇಸೊಕೊ ಎಲ್ಲರಿಗೂ ಎಡಗಡೆಯ ಕಿವಿ ಪಕ್ಕದ ಕೂದಲನ್ನು ಒಂದು ಎಳೆ ಹೆಚ್ಚೇ ಕತ್ತರಿಸುತ್ತಾಳೆ ಅನ್ನುವುದೂ. ಆ ಕೊನೆಯದನ್ನು ಅಂದವನು ಚಿಕಮೋರಿ. ಮುಂದಿನ ಸಲ ಅವನು ಕುರ್ಚಿಯಲ್ಲಿ ಕೂತಾಗ ಅಳತೆಪಟ್ಟಿ ತಂದು ಎರಡೂ ಕಡೆ ಅಳೆದು ತೋರಿಸಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ.

ಚಿಕಮೋರಿಗೆ ಎಪ್ಪತ್ತೊಂದು. ಪ್ರಾಯದಲ್ಲಿ ಗಾಳದ ಕೋಲು ಹಿಡಿದು ಕತ್ಸುವೊ ಮೀನು ಎಳೆದವನು. ಊರಿನ ಹಾಡಿನ ಪಂದ್ಯದಲ್ಲಿ ಮೂರು ಸಲ ಕಪ್ ಗೆದ್ದವನು. ಚಿದೊರಿಯಲ್ಲಿ ಅವನದ್ದೇ ಮೂಲೆ, ಅವನದ್ದೇ ಮೈಕ್. ಕರೋಕೆ ಪೆಟ್ಟಿಗೆ ದನಿಗೆ ಸೇರಿಸುವ ಆ ಗುಹೆಯಂಥ ಪ್ರತಿಧ್ವನಿಯಲ್ಲಿ ಮೂವತ್ತು ವರ್ಷ ತನ್ನ ದನಿ ತಾನು ಕೇಳಿಕೊಂಡು ಬಂದಿದ್ದ. ಇಸೊಕೊ ತಂತಿ ಸಿಕ್ಕಿಸಿದ್ದ ತೂತಿನಿಂದ ಪ್ರತಿಧ್ವನಿ ಬರುತ್ತಿರಲಿಲ್ಲ, ಬರಿಯ ಗಂಟಲು ಬರುತ್ತಿತ್ತು. ಮೊದಲ ಸಿ.ಡಿ. ತಯಾರಾದ ದಿನ ಚಿದೊರಿಯಲ್ಲಿ ಎಲ್ಲರೂ ಕೂತು ಕೇಳಿದರು. ಚಿಕಮೋರಿಯ ಹಾಡು ಬಂದಾಗ ಅವನ ಕೈಯ ಕಾಫಿ ಬಟ್ಟಲು ಅರ್ಧ ದಾರಿಯಲ್ಲೇ ನಿಂತಿತು.

"ಇದು ನನ್ನ ದನಿ ಅಲ್ಲ," ಅಂದ.

"ನಿಮ್ಮದೇ. ಮಧ್ಯೆ ಕೆಮ್ಮಿದ್ದೂ ನಿಮ್ಮದೇ," ಅಂದಳು ಮಾಮಾ.

ಅವನು ಬಟ್ಟಲು ಕೆಳಗಿಟ್ಟು ಟೋಪಿ ಹಾಕಿಕೊಂಡು ಎದ್ದು ಹೋದ. ಚಿದೊರಿಗೆ ಬರುವುದು ಬಿಟ್ಟ. ಇಸೊಕೊಳ ಅಂಗಡಿಗೂ ಬರಲಿಲ್ಲ. ಏಳು ವಾರ ಕತ್ತರಿ ಕಾಣದ ಅವನ ತಲೆ ಬಂದರಿನಲ್ಲಿ ಎಲ್ಲಿಂದ ನೋಡಿದರೂ ಕಾಣುವ ಹಾಗಾಯಿತು. ಮುದುಕ ಕಾಡುಹಂದಿಯಾಗುತ್ತಿದ್ದಾನೆ ಅಂತ ಜನ ನಗುತ್ತಿದ್ದರೂ ಇಸೊಕೊಳಿಗೆ ಮನಸ್ಸಿನಲ್ಲಿ ಚುರುಕ್ ಅನ್ನುತ್ತಿತ್ತು. ಸುಳ್ಳು ಹೇಳಿದ್ದಿಲ್ಲ ಸರಿ. ಆದರೆ ಒಬ್ಬ ಮನುಷ್ಯನ ಮೂವತ್ತು ವರ್ಷದ ಸಂತೋಷವನ್ನು ಹತ್ತು ಜನರೆದುರು ಬೋಳಿಸಿಬಿಟ್ಟಿದ್ದೆನಲ್ಲ ಅಂದುಕೊಂಡಳು.

ಪುಸ್ತಕದಲ್ಲಿ ಪ್ರತಿಧ್ವನಿ ಸೇರಿಸುವ ವಿಧಾನವೂ ಇತ್ತು. ಹೆಚ್ಚಾದರೆ ಬಾವಿಯಿಂದ ಹಾಡಿದ ಹಾಗೆ, ಕಡಿಮೆಯಾದರೆ ಮತ್ತೆ ಬರಿಗಂಟಲು. ಒಗ್ಗರಣೆಯ ಹದ ಹಿಡಿದ ಹಾಗೆ ಚಿಟಿಕೆ ಚಿಟಿಕೆ ಹಾಕಿ ನೋಡಿದಳು. ಕೆಮ್ಮನ್ನು ಕತ್ತರಿಸಿ ತೆಗೆದಳು. ಎಂಟನೆಯ ವಾರ ಕೂದಲು ಕಣ್ಣಿಗೆ ಬೀಳತೊಡಗಿ ಚಿಕಮೋರಿ ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತ. ಅವಳು ಬಟ್ಟೆ ಹೊದಿಸಿ, ಒಳಗೆ ಹೋಗಿ ಹಾಡು ಹಾಕಿ ಬಂದು ಕತ್ತರಿ ತೆಗೆದುಕೊಂಡಳು. ಹಾಡು ಮುಗಿಯುವವರೆಗೂ ಅವನು ಕಣ್ಣು ಮುಚ್ಚಿಕೊಂಡಿದ್ದ.

"ಈಗ ಸರಿ ಇದೆ ನೋಡು ಇಸೊಚಾನ್. ಅವತ್ತು ನಿನ್ನ ಯಂತ್ರಕ್ಕೆ ನೆಗಡಿಯಾಗಿತ್ತು," ಅಂದ, ಅವಳ ಹೆಸರನ್ನು ಮುದ್ದಾಗಿ ಮೊಟಕುಮಾಡಿ.

"ಹೌದು ಚಿಕಮೋರಿಸಾನ್. ವಾಸಿಯಾಗೋಕೆ ಎಂಟು ವಾರ ಹಿಡೀತು," ಅಂದಳು ಅವಳು.

ಹದಿನೇಳು ಹಾಡುಗಳ ಸಿ.ಡಿ. ಏಪ್ರಿಲ್ ತಿಂಗಳಲ್ಲಿ ಹಡಗು ಕಂಪನಿಯ ಕಚೇರಿಯ ಮೂಲಕ ಕೇಪ್‌ಟೌನ್ ಬಂದರಿಗೆ ಹೋಯಿತು. ಕೊಯೊಮಾರು ಎಣ್ಣೆ ತುಂಬಿಸಿಕೊಳ್ಳಲು ಅಲ್ಲಿ ನಿಲ್ಲುವುದಿತ್ತು. ಮೇ ಕೊನೆಗೆ ಅಲ್ಲಿಂದ ಒಂದು ಕ್ಯಾಸೆಟ್ ಬಂತು. ಹಡಗಿನವರೂ ಹಾಡಿ ಕಳಿಸಿದ್ದಾರೆ ಅಂದುಕೊಂಡು ಇಸೊಕೊ ಅದರ ಲಕೋಟೆ ಒಡೆಯದೆಯೇ ಚಿದೊರಿಗೆ ಒಯ್ದಳು. ಎಲ್ಲರೂ ಸೇರಿ ಕೇಳಿದರು. ಆರೇಳು ಜನ ಹಾಡಿದ್ದರು, ಎಲ್ಲರ ಹಿಂದೆಯೂ ಹಡಗಿನ ಎಂಜಿನ್ನು ಧಡಧಡ ತಾಳ ಹಾಕುತ್ತಿತ್ತು.

ಕೊನೆಯಲ್ಲಿ ತೊಮೊಜಿ. ಅದೊಂದು ಜೋಡಿಗೀತೆ. ಬಂದರಿನಲ್ಲಿ ನಿಂತ ಗಂಡಸು ಒಂದು ಸಾಲು ಹಾಡಿದರೆ ಕಿಟಕಿಯಲ್ಲಿ ನಿಂತ ಹೆಂಗಸು ಒಂದು ಸಾಲು ಹಾಡಬೇಕು. ತೊಮೊಜಿ ತನ್ನ ಸಾಲು ಹಾಡಿ ನಿಲ್ಲಿಸಿದ. ಹೆಂಗಸಿನ ಸಾಲು ಬರುವ ಕಡೆ ಯಾರೂ ಹಾಡಲಿಲ್ಲ. ಬರಿಯ ವಾದ್ಯ, ಎಂಜಿನ್ನಿನ ಧಡಧಡ, ಎಲ್ಲೋ ಒಂದು ಪಾತ್ರೆ ಉರುಳಿದ ಸದ್ದು. ಮತ್ತೆ ಅವನ ಸಾಲು. ಮತ್ತೆ ಖಾಲಿ. ಹಾಡಿನ ಉದ್ದಕ್ಕೂ ಹೀಗೇ. ಮುಗಿದ ಮೇಲೆ ಅವನ ಮಾತು ಕೇಳಿಸಿತು: "ಎಲ್ಲರ ದನಿಯೂ ಬಂತು. ಮಾಮಾ ಗಾಜಿನ ಲೋಟ ಒಡೆದದ್ದೂ ಬಂತು. ನಿನ್ನದು ಎಲ್ಲಿ?"

ಚಿದೊರಿಯಲ್ಲಿ ಎಲ್ಲರೂ ಅವರವರ ಬಟ್ಟಲಿನ ತಳ ನೋಡುತ್ತ ಕೂತರು. ಇಸೊಕೊಳ ಕಿವಿ ಕೆಂಪೇರಿತ್ತು. ಆ ಸಂಕೋಚ ಕಳೆಯಲೆಂದೇ ಇರಬೇಕು, ಮಾಮಾ ತಾನೇ ಆ ಸಾಲುಗಳನ್ನು ಹಾಡಿಕೊಡಲಾ ಅಂತ ಕೇಳಿದಳು. ಅಷ್ಟು ದೂರದಲ್ಲಿ ಅವನಿಗೇನು ಗೊತ್ತಾಗುತ್ತದೆ?

"ನನ್ನ ಗಂಡ ಬಿಟ್ಟ ಜಾಗದಲ್ಲಿ ನೀವ್ಯಾಕೆ ಬಂದು ಕೂರ್ತೀರಿ ಮಾಮಾ?" ಅಂದಳು ಇಸೊಕೊ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಕ್ಯಾಸೆಟ್ ತೆಗೆದುಕೊಂಡು ಮನೆಗೆ ಹೋದಳು.

ಮುಂದಿನ ಮೂರು ಸೋಮವಾರ ಅವಳ ಹಿಂದಿನ ಕೋಣೆಯ ಕಿಟಕಿ ತೆರೆಯಲಿಲ್ಲ. ಜೂನ್ ತಿಂಗಳ ಮಳೆ, ಬೆವರು ಆರದ ಸೆಕೆ. ದನಿ ಓಣಿಗೆ ಬೀಳದಿರಲೆಂದು ಚಳಿಗಾಲದ ದಪ್ಪ ಹೊದಿಕೆಗಳನ್ನೆಲ್ಲ ಸುತ್ತ ನೇತುಹಾಕಿ, ಅವುಗಳ ನಡುವೆ ಮೈಕ್ ಹಿಡಿದು ಕೂತಳಂತೆ. ನಲವತ್ತೊಂದು ಸಲ ಹಾಡಿದಳು. ನಲವತ್ತೊಂದರಲ್ಲಿ ಒಂದೂ ಸರಿ ಬರಲಿಲ್ಲ. ಆದರೆ ಒಂದರಲ್ಲಿ ಒಂದು ಪದ ಸರಿಯಿತ್ತು, ಇನ್ನೊಂದರಲ್ಲಿ ಇನ್ನೊಂದು. ಕತ್ತರಿ ಹಿಡಿದ ಕೈ ಅವಳದು. ಸರಿಯಿದ್ದ ಚೂರುಗಳನ್ನು ಆರಿಸಿ ಆರಿಸಿ ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸಿದಳು. ಎಲ್ಲೂ ಸಿಗದ ಚೂರುಗಳನ್ನು ಕಂಪ್ಯೂಟರಿನಲ್ಲೇ ಒಂದೆಳೆ ಏರಿಸಿ, ಒಂದೆಳೆ ಇಳಿಸಿ ಹದಕ್ಕೆ ತಂದಳು. ಕೊನೆಗೆ ತನ್ನಪ್ಪನ ಕಿವಿಗೂ ತಪ್ಪು ಸಿಗದಂಥ ಹಾಡೊಂದು ತಯಾರಾಯಿತು. ಯಾರಿಗೂ ಕೇಳಿಸದೆ ಕಳಿಸಿಬಿಟ್ಟಳು.

ಆಗಸ್ಟಿನಲ್ಲಿ ಹಡಗಿನಿಂದ ಕಂಪನಿಯ ಕಚೇರಿಗೆ ಫ್ಯಾಕ್ಸ್ ಬಂತು. ಇಷ್ಟು ಎಣ್ಣೆ, ಇಷ್ಟು ಮೀನು ಅಂತ ನಾಯಕ ಬರೆದ ಸಾಲುಗಳ ಕೆಳಗೆ ತೊಮೊಜಿಯ ಕೈಬರಹದಲ್ಲಿ ಎರಡು ಸಾಲು: 'ಹಾಡು ತಲುಪಿತು. ಬಹಳ ಚೆನ್ನಾಗಿ ಹಾಡಿದ್ದಾರೆ. ಆ ಹೆಂಗಸು ಯಾರು?'

ಕಚೇರಿಯ ಗುಮಾಸ್ತೆ ಅದನ್ನು ಫೋನಿನಲ್ಲಿ ಓದಿ ಹೇಳುವಾಗ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದಳಂತೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆ ವಾರ ಇಸೊಕೊಳ ಅಂಗಡಿಗೆ ಹೋದವರೆಲ್ಲ ಬೇಕಾದ್ದಕ್ಕಿಂತ ಗಿಡ್ಡ ಕೂದಲಲ್ಲಿ ಹೊರಗೆ ಬಂದರು, ನಾನೂ ಸೇರಿ. ಮೂರು ಸೋಮವಾರ ಬೆವರು ಸುರಿಸಿದ್ದಕ್ಕೆ ಇದಾ ಬಹುಮಾನ ಅಂತ ಅವಳಿಗೆ ಉರಿ. ಆ ಉರಿಯಲ್ಲೇ, ಕುರ್ಚಿಯಲ್ಲಿ ಕೂತಿದ್ದ ಚಿಕಮೋರಿಗೆ ನಡೆದದ್ದನ್ನೆಲ್ಲ ಹೇಳಿಕೊಂಡಳು: ನಲವತ್ತೊಂದು ಸಲ ಹಾಡಿದ್ದು, ಚೂರು ಅಂಟಿಸಿದ್ದು, ಏರಿಸಿದ್ದು, ಇಳಿಸಿದ್ದು.

ಮುದುಕ ಕನ್ನಡಿಯಲ್ಲಿ ಅವಳ ಮುಖ ನೋಡಿ ಹೇಳಿದ:

"ಅವನು ಅಡುಗೆಯವನು ಇಸೊಚಾನ್. ದಿನಾ ಬೆಳಿಗ್ಗೆ ಒಣ ಮೀನು ಹೆರೆದು ಸಾರು ಇಳಿಸೋನಿಗೆ ನೀನು ಪೊಟ್ಟಣದ ಪುಡಿ ಕದಡಿ ಕೊಟ್ಟಿದ್ದೀಯ. ಬಾಯಿಗಿಟ್ಟ ಕೂಡಲೆ ಗೊತ್ತಾಗಲ್ವಾ?"

"ನನ್ನ ಹಾಡು ಕೇಳಿದ್ರೆ ಟ್ಯೂನಾಗಳು ಓಡಿಹೋಗ್ತವೆ."

"ಓಡಿಹೋಗ್ಲಿ ಬಿಡು. ಅದು ನಾಯಕನ ತಲೆನೋವು."

ಮುಂದಿನ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ಚಿದೊರಿಯಲ್ಲಿದ್ದೆ. ಇಸೊಕೊ ತನ್ನ ಮನೆಯಲ್ಲಿ ಕಂಪ್ಯೂಟರನ್ನು ಚಾಲೂ ಮಾಡಿಟ್ಟು, ಚಪ್ಪಲಿ ಬಡಿಯುತ್ತ ಓಣಿ ದಾಟಿ ಓಡಿ ಬಂದಳು. ಹೆಗಲ ಮೇಲೆ ರಜೆಯ ದಿನವೂ ಅಂಗಡಿಯ ಟವೆಲ್ಲು. ತೊಮೊಜಿಯ ಕ್ಯಾಸೆಟ್ ಹಾಕಲು ಮಾಮಾಗೆ ಹೇಳಿ, ಚಿಕಮೋರಿಯ ಕೈಯಿಂದ ಮೈಕ್ ತೆಗೆದುಕೊಂಡಳು. ಒಳಗಿದ್ದ ಎಂಟು ಜನಕ್ಕೂ ಅದು ಏನು ಅಂತ ಗೊತ್ತಿತ್ತು.

ಅವನ ಸಾಲು ಬಂತು. ಅವಳು ಹಾಡಿದಳು. ಮೊದಲ ಸಾಲಿನಲ್ಲಿ ಸ್ವರ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿ ಜಾರಿತು. ಮೂರನೆಯ ಸಾಲಿನ ಕೊನೆಯಲ್ಲಿ ಇಳಿಯಬೇಕಾದ ಕಡೆ ಅವಳ ದನಿ ಹೆದರಿದ ಬೆಕ್ಕಿನ ಹಾಗೆ ಛಾವಣಿ ಹತ್ತಿತು. ತಪ್ಪಿದ್ದು ಅವಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಹಾಡಿನ ನಡುವೆಯೇ ಕಿಸಕ್ಕನೆ ನಕ್ಕಳು. ಆದರೂ ನಿಲ್ಲಿಸಲಿಲ್ಲ. ಟವೆಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಂಡ ಬಿಟ್ಟಿದ್ದ ಒಂದೊಂದು ಖಾಲಿ ಜಾಗವನ್ನೂ ತುಂಬುತ್ತ ಕೊನೆ ಮುಟ್ಟಿದಳು.

ಮಾಮಾ ಕಣ್ಣೊರೆಸಿಕೊಂಡು, "ಭಯಂಕರವಾಗಿತ್ತು," ಅಂದಳು. ಆಮೇಲೆ ಎಲ್ಲರಿಗೂ ಕಾಫಿ ಬಗ್ಗಿಸಿದಳು.

ಅವತ್ತು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತಾಗ ಕೈ ಬಹಳ ತುರಿಸಿತು ಅಂತ ಇಸೊಕೊ ನನಗೆ ಆಮೇಲೆ ಹೇಳಿದಳು. ಮೂರನೆಯ ಸಾಲಿನ ಕೊನೆಯನ್ನಾದರೂ ಒಂದಿಷ್ಟು ಇಳಿಸೋಣ ಅನ್ನಿಸಿ ಎರಡು ಸಲ ಅಲ್ಲಿಗೆ ಹೋಗಿ ವಾಪಸು ಬಂದಳಂತೆ. ಕೊನೆಗೆ, ಓಣಿ ದಾಟುವಷ್ಟು ಹೊತ್ತು ಖಾಲಿ ಓಡಿದ್ದ ಶುರುವಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟಳು. ಸಿ.ಡಿ. ಬಾಲಿ ಬಂದರಿಗೆ ಹೋಯಿತು. ಈ ಸಲ ಫ್ಯಾಕ್ಸ್ ಬರಲಿಲ್ಲ. ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು. ತಲುಪಿತೋ ಇಲ್ಲವೋ ಅಂತ ಅವಳೂ ಕೇಳಲಿಲ್ಲ, ನಾವು ಯಾರೂ ಕೇಳಲಿಲ್ಲ.

ಡಿಸೆಂಬರ್ ಎರಡನೆಯ ವಾರ ಕೊಯೊಮಾರು ಮೀನು ಇಳಿಸಲು ಶಿಮಿಜು ಬಂದರಿಗೆ ಬಂತು. ಇಸೊಕೊ ಗಂಡನನ್ನು ಕರೆತರಲು ಹೊರಟಳು. ಜೊತೆಗೆ ಮಾಮಾ ಚಿದೊರಿಗೆ ಬೀಗ ಹಾಕಿ ಹೊರಟಳು. ಯಾರೂ ಕರೆಯದಿದ್ದರೂ ಚಿಕಮೋರಿ ಹೊಸದಾಗಿ ಕೂದಲು ಕತ್ತರಿಸಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದ. ನನಗೆ ಹೋಗಲಾಗಲಿಲ್ಲ, ಮುಂದಿನದು ಮಾಮಾ ಹೇಳಿದ್ದು.

ಮೀನು ಇಳಿಸಿ ಮುಗಿದ ಮೇಲೆ ಮಧ್ಯಾಹ್ನ ಹಡಗಿನವರೆಲ್ಲ ಬಂದರಿನ ಬಳಿಯ ಊಟದ ಅಂಗಡಿಯಲ್ಲಿ ಸೇರಿದರು. ಅಲ್ಲೂ ಕರೋಕೆ ಪೆಟ್ಟಿಗೆ ಇತ್ತು. ತೊಮೊಜಿ ಹಡಗಿನಿಂದಿಳಿದು ಹೆಂಡತಿಗೆ ಹೇಳಿದ್ದು, ಸ್ವಲ್ಪ ತೆಳ್ಳಗಾಗಿದ್ದೀಯ ಅಂತ ಮಾತ್ರ. ಹಾಡಿನ ಸುದ್ದಿಯೇ ಎತ್ತಲಿಲ್ಲ. ಇಸೊಕೊ ಏನನ್ನೂ ತೋರಿಸಿಕೊಳ್ಳದೆ ಎಲ್ಲರಿಗೂ ಮೀನಿನ ತುಂಡು ಬಡಿಸುತ್ತಿದ್ದಳು. ಅಷ್ಟರಲ್ಲಿ ಅದೇ ಹಡಗಿನ, ಇಂಡೊನೇಷ್ಯಾದ ಮೂವರು ನಾವಿಕರು ಎದ್ದು ಮೈಕ್ ಹಿಡಿದರು. ಅದೇ ಜೋಡಿಗೀತೆ. ಗಂಡಸಿನ ಸಾಲನ್ನು ಒಬ್ಬ, ಹೆಂಗಸಿನ ಸಾಲನ್ನು ಇಬ್ಬರು. ಮೂರನೆಯ ಸಾಲಿನ ಕೊನೆಗೆ ಬಂದಾಗ ಇಬ್ಬರೂ ಒಟ್ಟಿಗೆ, ತಲೆ ಎತ್ತಿ, ಛಾವಣಿಗೆ ಹತ್ತಿಸಿದರು. ಅಷ್ಟೇ ಅಲ್ಲ, ಅದಾದ ಮೇಲೆ ಸರಿಯಾದ ಜಾಗದಲ್ಲಿ ಕಿಸಕ್ಕನೆ ನಕ್ಕರು ಕೂಡ. ಸುತ್ತ ಕೂತಿದ್ದ ಹಡಗಿನವರೆಲ್ಲ ಅದಕ್ಕೆ ದನಿಗೂಡಿಸಿದರು.

ಚಿಕಮೋರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅಲ್ಲಿ ಸ್ವರ ಕೆಳಗಿಳಿಯಬೇಕು ಅಂತ ತಾನೇ ಹಾಡಿ ತೋರಿಸಿದ. ನಾವಿಕರಲ್ಲಿ ಎತ್ತರದವನು, ತರ್ಸೊನೊ ಅಂತ, ತಲೆ ಬಾಗಿಸಿ ವಿನಯದಿಂದ ಹೇಳಿದ:

"ಇಲ್ಲ ತಾತ, ಹಾಗಲ್ಲ. ಅಡುಗೆಯಣ್ಣನ ಮನೆಯವರು ಹೀಗೇ ಹಾಡ್ತಾರೆ. ನಮ್ಮ ಹತ್ರ ಸಿ.ಡಿ. ಇದೆ."

ಮೂರು ತಿಂಗಳು ದಿನಾ ಬೆಳಿಗ್ಗೆ ಸಾರು ಕುದಿಯುವಾಗ ಅಡುಗೆಕೋಣೆಯಲ್ಲಿ ಅದೊಂದೇ ಹಾಡಂತೆ. ನಾಯಕ ಎರಡು ಸಲ ಬೇಡ ಅಂದನಂತೆ, ಮೂರನೆಯ ಸಲ ಅವನೂ ಗುನುಗಿದನಂತೆ. ಇದನ್ನೆಲ್ಲ ಹೇಳಿದವನು ತರ್ಸೊನೊ. ತೊಮೊಜಿ ಬಟ್ಟಲಿನಲ್ಲಿ ಮುಖ ಹುದುಗಿಸಿ ಅನ್ನ ತಿನ್ನುತ್ತಿದ್ದ. ಇಸೊಕೊ ಬಡಿಸುವುದನ್ನು ನಿಲ್ಲಿಸಿ ಅವನ ಪಕ್ಕ ಕೂತಳು. ಒಬ್ಬರಿಗೊಬ್ಬರು ಏನಂದುಕೊಂಡರು ಅಂತ ನಾನು ಕೇಳಿದ್ದಕ್ಕೆ, ಅಂಥಾದ್ದೇನೂ ಕೇಳಿಸಲಿಲ್ಲ ಅಂದಳು ಮಾಮಾ. ಅವನ ತಟ್ಟೆಯಲ್ಲಿದ್ದ ಉಪ್ಪಿನಕಾಯಿಯನ್ನು ಇವಳು ತಿಂದಳಂತೆ, ಅಷ್ಟೆ.

ಆರು ವಾರ ಮನೆಯಲ್ಲಿದ್ದು ತೊಮೊಜಿ ಮತ್ತೆ ಹಡಗು ಹತ್ತಿದ. ಇಸೊಕೊಳ ಕಂಪ್ಯೂಟರ್ ಈಗ ಬಿಡುವಿಲ್ಲದ ಜೀವ. ಬೇರೆ ಹಡಗುಗಳವರ ಹೆಂಡತಿಯರೂ ಬರತೊಡಗಿ, ಸೋಮವಾರ ಚಿದೊರಿಯ ಬಾಗಿಲಲ್ಲಿ ಸರದಿ ನಿಲ್ಲುತ್ತದೆ. ಒಬ್ಬಳು ಹಾಡಲು ಬಾರದೆ ಹತ್ತು ನಿಮಿಷ ಅತ್ತೆಯನ್ನು ಬೈದು ಹೋದಳು. ಇಸೊಕೊ ಅದನ್ನೂ ಶ್ರದ್ಧೆಯಿಂದ ಹಿಡಿದು, ಹದವಾಗಿ ಪ್ರತಿಧ್ವನಿ ಸೇರಿಸಿ ಕಳಿಸಿದಳು.

ಆ ಜೋಡಿಗೀತೆಯ ವಿಷಯದಲ್ಲಿ ಚಿಕಮೋರಿಗೆ ಇನ್ನೂ ಸಮಾಧಾನವಿರಲಿಲ್ಲ. ತಾನೇ ಮುಂದೆ ನಿಂತು ಅವಳಿಗೆ ಸರಿಯಾದ ಸ್ವರ ಕಲಿಸಲು ಶುರು ಮಾಡಿದ. ಅವಳು ಎರಡು ಸೋಮವಾರ ವಿಧೇಯಳಾಗಿ ಕಲಿತಳು, ಮೂರನೆಯ ಸೋಮವಾರ ಬೇಡ ಅಂದಳು. ತಾನು ಸರಿಯಾಗಿ ಕಲಿತುಬಿಟ್ಟರೆ ಸಮುದ್ರದ ನಡುವೆ ಇರುವ ಇಪ್ಪತ್ತು ಜನಕ್ಕೆ ಮತ್ತೆ ಮೊದಲಿನಿಂದ ಹೇಳಿಕೊಡುವವರು ಯಾರು ಅಂತ ಕೇಳಿದಳು. ಈಗ ಮುದುಕ ಬೇರೆ ಶಿಷ್ಯೆಯನ್ನು ಹುಡುಕುತ್ತಿದ್ದಾನೆ. ಮೊನ್ನೆ ನನ್ನನ್ನೂ ಕೇಳಿದ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ.